ಕೊಡಗಿನ ಸಣ್ಣ ಆಫೀಸಿಗೆ ಯಾವ ಸರ್ವರ್ ಸರಿ?

ಮಳೆಗಾಲ ಹತ್ತಿರ ಬಂತೆಂದರೆ ಸರ್ವರ್ (ಆಫೀಸಿನ ಎಲ್ಲರ ಡೇಟಾ ಇಟ್ಟು ಹಂಚುವ ಕಂಪ್ಯೂಟರ್) ಬಗ್ಗೆ ಒಂದೇ ತರಹದ ಪ್ರಶ್ನೆಗಳು ಶುರುವಾಗುತ್ತವೆ. ಸಿದ್ದಾಪುರ ಕಡೆಯ ಕಾಫಿ ತೋಟದ ಆಫೀಸಿನವರು ಕೇಳುತ್ತಾರೆ, "ನಾಲ್ಕು ಕಂಪ್ಯೂಟರ್ ಇದೆ, ನಾಲ್ಕರಲ್ಲೂ ಲೆಕ್ಕ ಬರೆಯುವ ಟ್ಯಾಲಿ ಓಡಬೇಕು. ಸರ್ವರ್ ಹಾಕಿಸೋಣವಾ?" ಗೋಣಿಕೊಪ್ಪದಲ್ಲಿ ಜಿಎಸ್‌ಟಿ ರಿಟರ್ನ್ ಮಾಡಿಕೊಡುವವರಿಗೆ ಗಿರಾಕಿಗಳ ಕಾಗದಪತ್ರವೆಲ್ಲ ಒಂದೇ ಕಡೆ ಇರಬೇಕು, ರಾತ್ರಿ ಮನೆಯಿಂದಲೂ ಸಿಗಬೇಕು. ಮಡಿಕೇರಿಯಲ್ಲಿ ಎರಡು ಮೂರು ಹೋಂಸ್ಟೇ ನಡೆಸುವವರಿಗೆ ಬುಕಿಂಗ್ ಚಿಂತೆ. ಕುಶಾಲನಗರದ ಫೋಟೊ ಸ್ಟುಡಿಯೋದವರಿಗೆ ಮದುವೆ ವಿಡಿಯೋ ಇಡಲು ಜಾಗ ಸಾಲುತ್ತಿಲ್ಲ.

ಅಂಗಡಿಯವರು ದೊಡ್ಡ ಸರ್ವರ್ ತೋರಿಸುತ್ತಾರೆ. ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವ ನೆಂಟರ ಹುಡುಗ "ಎಲ್ಲಾ ಕ್ಲೌಡ್‌ಗೆ ಹಾಕಿ, ಇದೆಲ್ಲ ಯಾಕೆ" ಅನ್ನುತ್ತಾನೆ. ಇಬ್ಬರು ಹೇಳುವುದರಲ್ಲೂ ಸತ್ಯ ಇದೆ. ಆದರೆ ಕಕ್ಕಡದ (ಜುಲೈ-ಆಗಸ್ಟಿನ) ಮಳೆಯಲ್ಲಿ, ಕರೆಂಟೂ ಇಲ್ಲದೆ ನೆಟ್ಟೂ ಇಲ್ಲದೆ, ಶನಿವಾರದ ಬಟವಾಡೆಗೆ ಲೆಕ್ಕ ತೆಗೆಯಬೇಕಾದವರು ನೀವು. ಹಾಗಾಗಿ ಯಂತ್ರದ ವೇಗಕ್ಕಿಂತ ಮೊದಲು ನೋಡಬೇಕಾದ ಬೇರೆ ವಿಷಯಗಳಿವೆ.

ಏನೇನು ನೋಡಿ ಆರಿಸಬೇಕು

ಮೊದಲ ಪ್ರಶ್ನೆ: ಎರಡು ಮೂರು ದಿನ ನೆಟ್ ಹೋದರೆ ನಿಮ್ಮ ಕೆಲಸ ನಿಲ್ಲಬಹುದಾ? ತೋಟದ ಆಫೀಸಿನಲ್ಲಿ ನಿಲ್ಲುವ ಹಾಗಿಲ್ಲ. ಹಾಜರಿ, ಕೂಲಿ, ಚೀಲದ ಲೆಕ್ಕ ಅಂದಂದೇ ಆಗಬೇಕು. ಹೋಂಸ್ಟೇಯವರ ಕಥೆ ಬೇರೆ. ನೆಟ್ ಇಲ್ಲದಿದ್ದರೆ ಬುಕಿಂಗೇ ಬರುವುದಿಲ್ಲ, ಆಗ ಆಫೀಸಲ್ಲಿ ಸರ್ವರ್ ಇದ್ದು ಏನು ಉಪಯೋಗ ಹೇಳಿ. ನನ್ನ ಪ್ರಕಾರ ಅರ್ಧ ತೀರ್ಮಾನ ಈ ಒಂದು ಪ್ರಶ್ನೆಯಲ್ಲೇ ಆಗಿಹೋಗುತ್ತದೆ.

ಎರಡನೆಯದು, ಕೆಲಸ ಮಾಡುವವರು ಎಲ್ಲಿ ಕೂರುತ್ತಾರೆ? ಎಲ್ಲರೂ ಒಂದೇ ಕಟ್ಟಡದಲ್ಲಿದ್ದರೆ ಡೇಟಾ ಅಲ್ಲೇ ಇರುವುದು ಸುಲಭ. ಯಜಮಾನರು ಬೆಂಗಳೂರಲ್ಲಿ, ರೈಟರ್ (ಲೆಕ್ಕ ಬರೆಯುವವರು) ತೋಟದಲ್ಲಿ, ಆಡಿಟರ್ ಮೈಸೂರಲ್ಲಿ ಅಂತಾದರೆ ಲೆಕ್ಕಾಚಾರ ಬದಲಾಗುತ್ತದೆ.

ಮೂರನೆಯದನ್ನು ಹೆಚ್ಚಿನವರು ಕೇಳುವುದೇ ಇಲ್ಲ. ಕೆಟ್ಟರೆ ಯಾರು ಬರುತ್ತಾರೆ? ಮಡಿಕೇರಿಯಿಂದ ಮೈಸೂರು ಸುಮಾರು 120 ಕಿಲೋಮೀಟರ್. ಬೇಸಿಗೆಯಲ್ಲಿ ಇದು ದೊಡ್ಡ ಮಾತಲ್ಲ. ಜುಲೈ, ಆಗಸ್ಟಿನಲ್ಲಿ ರಸ್ತೆ ಮೇಲೆ ಮರ ಬಿದ್ದು, ಬರೆ, ಅಂದರೆ ರಸ್ತೆ ಬದಿಯ ಗುಡ್ಡ, ಕುಸಿದಾಗ ಇಂಜಿನಿಯರ್ ಬರುವುದು ಯಾವಾಗಲೋ. ಯಂತ್ರ ಎಷ್ಟು ವಿಶೇಷವಾದದ್ದೋ ಅದರ ಬಿಡಿಭಾಗ ಸಿಗುವುದೂ ಅಷ್ಟೇ ಕಷ್ಟ.

ಇನ್ನು ಡೇಟಾ ಎಷ್ಟು, ಎಂಥದ್ದು ಅನ್ನುವುದು. ಹತ್ತು ವರ್ಷದ ಟ್ಯಾಲಿ ಲೆಕ್ಕ ಒಂದು ಪೆನ್‌ಡ್ರೈವ್‌ನಲ್ಲಿ ಹಿಡಿಯುತ್ತದೆ. ಒಂದೇ ಮದುವೆಯ ವಿಡಿಯೋ ನೂರಾರು ಜಿಬಿ ಆಗುತ್ತದೆ. 10 ಎಂಬಿಪಿಎಸ್ ಅಪ್‌ಲೋಡ್ ಇರುವ ಲೈನಿನಲ್ಲಿ 100 ಜಿಬಿ ಮೇಲೆ ಕಳಿಸಲು ಹೆಚ್ಚುಕಡಿಮೆ ಒಂದು ಪೂರ್ತಿ ದಿನ ಬೇಕು. ನಿಮ್ಮ ಲೈನಿನ ಡೌನ್‌ಲೋಡ್ ವೇಗ ಬಿಡಿ, ಅಪ್‌ಲೋಡ್ ವೇಗ ನೋಡಿಕೊಳ್ಳಿ.

ಖರ್ಚನ್ನು ಐದು ವರ್ಷಕ್ಕೆ ಲೆಕ್ಕ ಹಾಕಿ. ಯಂತ್ರದ ಬೆಲೆ, ಲೈಸೆನ್ಸ್, ಯುಪಿಎಸ್ ಬ್ಯಾಟರಿ, ಕರೆಂಟ್ ಬಿಲ್, ಮಧ್ಯೆ ಒಂದು ಸಲ ಡಿಸ್ಕ್ ಬದಲಾವಣೆ, ಎಲ್ಲಾ ಸೇರಿಸಿ. 50 ವ್ಯಾಟ್ ಎಳೆಯುವ ಯಂತ್ರ ಹಗಲೂ ರಾತ್ರಿ ಓಡಿದರೆ ತಿಂಗಳಿಗೆ 36 ಯೂನಿಟ್ ಆಗುತ್ತದೆ.

ಆಫೀಸಲ್ಲೇ ಇಡುವುದಾದರೆ: ಕರೆಂಟ್, ಸಿಡಿಲು, ಶೀತ

ಆಫೀಸಲ್ಲಿ ಏನೇ ಇಟ್ಟರೂ, ಹಳೆ ಪಿಸಿಯೋ ಲಕ್ಷ ರೂಪಾಯಿಯ ಸರ್ವರೋ, ಈ ಮೂರು ಖರ್ಚು ತಪ್ಪಿದ್ದಲ್ಲ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಏಕೆಂದರೆ ಕೊಡಗಿನಲ್ಲಿ ಯಂತ್ರ ಕೆಡುವುದು ಹೆಚ್ಚಾಗಿ ಇವುಗಳಿಂದಲೇ.

ಯುಪಿಎಸ್ ವಿಷಯ. ಅಂಗಡಿಯಲ್ಲಿ ಸಿಗುವ 600 ವಿಎ ಯುಪಿಎಸ್‌ನಲ್ಲಿ ಒಂದು ಸಣ್ಣ 12 ವೋಲ್ಟ್, 7 ಆಂಪಿಯರ್ ಅವರ್ ಬ್ಯಾಟರಿ ಇರುತ್ತದೆ. ಸರ್ವರ್, ರೂಟರ್, ಸ್ವಿಚ್ ಸೇರಿ 80 ವ್ಯಾಟ್ ಎಳೆದರೆ ಹೊಸ ಬ್ಯಾಟರಿ ಸುಮಾರು ಅರ್ಧ ಗಂಟೆ ಬಂದರೆ ಹೆಚ್ಚು. ಎರಡು ವರ್ಷದ ಮೇಲೆ ಅದೂ ಇಲ್ಲ. ಅಂದರೆ ಯುಪಿಎಸ್ ಇರುವುದು ಕೆಲಸ ಮುಂದುವರಿಸುವುದಕ್ಕಲ್ಲ, ಸರ್ವರನ್ನು ಸರಿಯಾಗಿ ಶಟ್‌ಡೌನ್ ಮಾಡುವುದಕ್ಕೆ. ರಾತ್ರಿ ಎರಡು ಗಂಟೆಗೆ ಕರೆಂಟ್ ಹೋದರೆ ಶಟ್‌ಡೌನ್ ಮಾಡುವವರು ಯಾರು? ಅದಕ್ಕೇ ಯುಎಸ್‌ಬಿ ಪೋರ್ಟ್ ಇರುವ ಯುಪಿಎಸ್ ತೆಗೆದುಕೊಳ್ಳಿ. ಬ್ಯಾಟರಿ ಇಳಿದಾಗ ಅದು ಸರ್ವರಿಗೆ ಸುದ್ದಿ ಮುಟ್ಟಿಸುತ್ತದೆ, ಸರ್ವರ್ ತಾನೇ ಮಲಗುತ್ತದೆ. ಅಗ್ಗದ ಮಾದರಿಗಳಲ್ಲಿ ಈ ಪೋರ್ಟ್ ಹೆಚ್ಚಾಗಿ ಇರುವುದಿಲ್ಲ, ಡಬ್ಬದ ಹಿಂಭಾಗ ತಿರುಗಿಸಿ ನೋಡಿಯೇ ದುಡ್ಡು ಕೊಡಿ.

ಮನೆಯ ಇನ್ವರ್ಟರ್ ಇದ್ದರೆ ಒಳ್ಳೆಯದೇ. 150 ಆಂಪಿಯರ್ ಅವರ್ ಟ್ಯೂಬ್ಯುಲರ್ ಬ್ಯಾಟರಿ ಒಂದು ಸಣ್ಣ ಸರ್ವರನ್ನು ಹಲವು ಗಂಟೆ ಓಡಿಸುತ್ತದೆ. ಆದರೆ ಇನ್ವರ್ಟರ್ ಬದಲಾಗುವ ಆ ಕ್ಷಣದಲ್ಲಿ ಕಂಪ್ಯೂಟರ್ ರೀಸ್ಟಾರ್ಟ್ ಆಗುವ ಸಾಧ್ಯತೆ ಇದೆ. ಆದ್ದರಿಂದ ಇನ್ವರ್ಟರ್ ಆದ ಮೇಲೆ ಒಂದು ಸಣ್ಣ ಯುಪಿಎಸ್ ಇರಲಿ. ಇನ್ವರ್ಟರ್ ಪ್ಯೂರ್ ಸೈನ್ ವೇವ್ ಆಗಿರಬೇಕು. ಹಳೆ ಕಾಲದ ಸ್ಕ್ವೇರ್ ವೇವ್ ಇನ್ವರ್ಟರ್ ಕೊಡುವ ಕರೆಂಟನ್ನು ಎಷ್ಟೋ ಯುಪಿಎಸ್‌ಗಳು ಒಪ್ಪುವುದೇ ಇಲ್ಲ, ಇನ್ವರ್ಟರ್ ಇದ್ದೂ ಬ್ಯಾಟರಿಯಲ್ಲೇ ಓಡಿ ಆಫ್ ಆಗುತ್ತವೆ. ಸಣ್ಣ ಪೆಟ್ರೋಲ್ ಜನರೇಟರಿನದೂ ಇದೇ ಗೋಳು.

ಸಿಡಿಲು ಇನ್ನೊಂದು. ಮಾರ್ಚ್‌ನ ಹೂಮಳೆಯಿಂದ ಹಿಡಿದು ಮೇವರೆಗೆ, ಮತ್ತೆ ಅಕ್ಟೋಬರಿನಲ್ಲಿ ಗುಡುಗು ಜಾಸ್ತಿ. ಎಲ್ಲರೂ ಕರೆಂಟ್ ಲೈನ್ ಮಾತ್ರ ನೋಡುತ್ತಾರೆ. ತೋಟಗಳಲ್ಲಿ ಅಪಾಯ ಬರುವ ಇನ್ನೊಂದು ದಾರಿ ನೆಟ್‌ವರ್ಕ್ ಕೇಬಲ್. ಆಫೀಸಿನಿಂದ ಕಾಫಿ ಸ್ಟೋರಿಗೆ, ಕಣದ ಪಕ್ಕದ ತೂಕದ ಕೋಣೆಗೆ, ಸಿಸಿಟಿವಿ ಕ್ಯಾಮೆರಾಗೆ ಅಂತ ಸಿಲ್ವರ್ ಓಕ್ ಮರದಿಂದ ಮರಕ್ಕೆ ಲ್ಯಾನ್ ಕೇಬಲ್ ಎಳೆದಿರುತ್ತಾರೆ. ಹತ್ತಿರ ಎಲ್ಲೋ ಸಿಡಿಲು ಬಡಿದರೆ ಸಾಕು, ಆ ತಾಮ್ರದ ತಂತಿಯಲ್ಲಿ ವೋಲ್ಟೇಜ್ ಏರಿ ಸ್ವಿಚ್‌ಗೆ ಬರುತ್ತದೆ. ಮಾರನೇ ದಿನ ನೋಡಿದರೆ ಸ್ವಿಚ್‌ನ ಆ ಒಂದು ಪೋರ್ಟಿನ ದೀಪ ಸತ್ತಿರುತ್ತದೆ, ಕನೆಕ್ಟರ್ ತುದಿಯ ಹಳದಿ ಪಿನ್ನುಗಳು ಕಪ್ಪಾಗಿರುತ್ತವೆ. ಅದೃಷ್ಟ ಕೆಟ್ಟಿದ್ದರೆ ಸ್ವಿಚ್ ದಾಟಿ ಸರ್ವರಿನ ಮದರ್‌ಬೋರ್ಡೇ ಹೋಗಿರುತ್ತದೆ. ಯುಪಿಎಸ್ ಇದನ್ನು ತಡೆಯುವುದಿಲ್ಲ, ಏಕೆಂದರೆ ಹೊಡೆತ ಬಂದದ್ದು ಪ್ಲಗ್‌ನಿಂದ ಅಲ್ಲ. ಒಂದು ಕಟ್ಟಡದಿಂದ ಇನ್ನೊಂದಕ್ಕೆ ಹೋಗುವ ಕಡೆ ಫೈಬರ್ ಹಾಕಿಸಿ, ಎರಡು ತುದಿಗೆ ಫೈಬರನ್ನು ಲ್ಯಾನ್ ಕೇಬಲಿಗೆ ಜೋಡಿಸುವ ಮೀಡಿಯಾ ಕನ್ವರ್ಟರ್ ಇಡಿ. ಫೈಬರ್ ಎಂದರೆ ಗಾಜು, ಅದರಲ್ಲಿ ಕರೆಂಟ್ ಹರಿಯುವುದಿಲ್ಲ. ಒಳಗೆ ಉಕ್ಕಿನ ತಂತಿ ಇಲ್ಲದ ಕೇಬಲ್ ಕೇಳಿ ತನ್ನಿ. ಇದಕ್ಕೆ ಬೀಳುವ ಖರ್ಚು ಒಂದು ಸುಟ್ಟ ಸರ್ವರಿನ ಮುಂದೆ ಏನೂ ಅಲ್ಲ. ಜೊತೆಗೆ ಅರ್ಥಿಂಗ್ ಪರೀಕ್ಷೆ ಮಾಡಿಸಿ, ಡಿಸ್ಟ್ರಿಬ್ಯೂಷನ್ ಬೋರ್ಡಿನಲ್ಲಿ ಸರ್ಜ್ ಪ್ರೊಟೆಕ್ಟರ್ ಕೂರಿಸಿ. ಅರ್ಥಿಂಗ್ ಸರಿ ಇಲ್ಲದೆ ಸರ್ಜ್ ಪ್ರೊಟೆಕ್ಟರ್ ಹಾಕಿದರೆ ಅದು ಸುಮ್ನೆ ಅಲಂಕಾರ.

ಶೀತದ ಬಗ್ಗೆ ಜನ ಉಲ್ಟಾ ಯೋಚಿಸುತ್ತಾರೆ. ಮಳೆಗಾಲದಲ್ಲಿ ಯಂತ್ರ ಆಫ್ ಮಾಡಿ ಪ್ಲಾಸ್ಟಿಕ್ ಹೊದಿಸಿ ಇಟ್ಟರೆ ಕ್ಷೇಮ ಅಂದುಕೊಳ್ಳುತ್ತಾರೆ. ನಮ್ಮ ಮನೆಗಳಲ್ಲಿ ಬಟ್ಟೆಗೆ ಬೂಷ್ಟು ಹಿಡಿಯದಿರಲಿ ಎಂದು ಅಲ್ಮೆರಾದೊಳಗೆ ಒಂದು ಬಲ್ಬ್ ಉರಿಸಿಡುತ್ತಾರಲ್ಲ, ಓಡುತ್ತಿರುವ ಸರ್ವರ್‌ನ ಬಿಸಿಯೂ ಹಾಗೇ ತನ್ನ ಒಳಗನ್ನು ಒಣಗಿಸಿಟ್ಟುಕೊಳ್ಳುತ್ತದೆ. ತೊಂದರೆ ಬರುವುದು ವಾರಗಟ್ಟಲೆ ಆಫ್ ಇದ್ದು, ತೇವ ಕೂತ ಮೇಲೆ ಒಮ್ಮೆಲೇ ಆನ್ ಮಾಡಿದಾಗ. ಹಾಗಾಗಿ ಓಡುತ್ತಲೇ ಇರಲಿ. ನೆಲದ ಮೇಲೆ ಇಡಬೇಡಿ, ಹೊರಗೋಡೆಗೆ ಒತ್ತಿ ಇಡಬೇಡಿ, ಕಿಟಕಿ ಹತ್ತಿರವಂತೂ ಬೇಡ. ಇರುವೆ, ಹಲ್ಲಿ ಎರಡಕ್ಕೂ ಪವರ್ ಸಪ್ಲೈಯ ಬಿಸಿ ಎಂದರೆ ಪ್ರೀತಿ. ಮಳೆಗಾಲಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಮುಚ್ಚಳ ತೆಗೆದು ಗಾಳಿ ಹೊಡೆಸಿ.

ಹಳೆ ಪಿಸಿಯನ್ನೇ ಸರ್ವರ್ ಮಾಡುವುದು

ಖರ್ಚಿಲ್ಲದ ದಾರಿ, ಮರ್ಯಾದೆ ಕಡಿಮೆ. ಆದರೆ ಮೂರು ನಾಲ್ಕು ಜನರ ಆಫೀಸಿಗೆ ಇದು ತಪ್ಪಲ್ಲ. ಕೆಟ್ಟರೆ ಗೋಣಿಕೊಪ್ಪದಲ್ಲೇ ಎಸ್‌ಎಂಪಿಎಸ್ ಸಿಗುತ್ತದೆ, ರ‍್ಯಾಮ್ ಸಿಗುತ್ತದೆ, ಯಾವ ಹುಡುಗನಾದರೂ ಬಿಚ್ಚಿ ಸರಿಮಾಡುತ್ತಾನೆ. ಕೊಡಗಿನಲ್ಲಿ ಇದು ಸಣ್ಣ ಗುಣ ಅಲ್ಲ.

ಮಿತಿಗಳನ್ನು ತಿಳಿದಿರಿ. ಮಾಮೂಲಿ ವಿಂಡೋಸ್ 10 ಅಥವಾ 11 ಪ್ರೊನಲ್ಲಿ ಒಂದೇ ಸಲಕ್ಕೆ 20 ಯಂತ್ರಗಳು ಮಾತ್ರ ಹಂಚಿದ ಫೋಲ್ಡರಿಗೆ ಬರಬಹುದು. ಸಣ್ಣ ಆಫೀಸಿಗೆ ಅಷ್ಟು ಸಾಕು. ದೊಡ್ಡ ತಕರಾರು ಬೇರೆ: ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಇಂಟೆಲ್ ಆದರೆ ಎಂಟನೇ ತಲೆಮಾರು ಅಥವಾ ನಂತರದ ಪ್ರೊಸೆಸರ್ ಬೇಕು. ಅದಕ್ಕಿಂತ ಹಳೆಯದಾದರೆ ಲಿನಕ್ಸ್ ಹಾಕಿ ಫೈಲ್ ಸರ್ವರ್ ಮಾಡಬಹುದು. ಉಬುಂಟು ಸರ್ವರ್ ಇದೆ, ಓಪನ್‌ಮೀಡಿಯಾವಾಲ್ಟ್ ಇದೆ, ಎರಡೂ ಉಚಿತ. ಆದರೆ ಲಿನಕ್ಸ್ ಹಾಕಿಕೊಟ್ಟ ಹುಡುಗ ದುಬೈಗೆ ಹೋದರೆ ಮುಂದೆ ಯಾರು ನೋಡಿಕೊಳ್ಳುತ್ತಾರೆ ಅನ್ನುವುದನ್ನು ಮೊದಲೇ ಯೋಚಿಸಿ.

ಈ ದಾರಿ ಹಿಡಿದರೆ ಹಳೆ ಹಾರ್ಡ್‌ಡಿಸ್ಕ್ ಕಿತ್ತು ಹೊಸದು ಎರಡು ಹಾಕಿ. ಬಯೋಸ್ ಸೆಟ್ಟಿಂಗಿನಲ್ಲಿ ಕರೆಂಟ್ ಬಂದ ಮೇಲೆ ತಾನೇ ಆನ್ ಆಗುವ ಆಯ್ಕೆ ಇರುತ್ತದೆ, ಅದನ್ನು ಆನ್ ಮಾಡಿಡಿ. ಅದರ ಮುಂದೆ ಯಾರೂ ಕೂತು ಟೈಪ್ ಮಾಡಬಾರದು. ಒಬ್ಬ ಗುಮಾಸ್ತ ಅದರಲ್ಲೇ ಮೇಲ್ ನೋಡಿ, ಅದರಲ್ಲೇ ಪೆನ್‌ಡ್ರೈವ್ ಚುಚ್ಚುತ್ತಿದ್ದರೆ ಅದು ಸರ್ವರ್ ಅಲ್ಲ, ಎಲ್ಲರ ಡೇಟಾ ಇಟ್ಟುಕೊಂಡ ಇನ್ನೊಂದು ಪಿಸಿ.

ನ್ಯಾಸ್ ಡಬ್ಬ

ನ್ಯಾಸ್ ಅಂದರೆ ನೆಟ್‌ವರ್ಕಿಗೆ ಜೋಡಿಸಿ ಎಲ್ಲರ ಫೈಲ್ ಇಡುವ ಡಿಸ್ಕ್ ಪೆಟ್ಟಿಗೆ. ಸಿನಾಲಜಿ, ಕ್ಯೂನ್ಯಾಪ್, ಏಸಸ್ಟರ್ ಕಂಪನಿಗಳದ್ದು ಸಿಗುತ್ತವೆ. ಎರಡು ಡಿಸ್ಕ್ ಹಿಡಿಯುವ ಮಾದರಿ ಟೋಸ್ಟರಿಗಿಂತ ಹೆಚ್ಚು ಜಾಗ ತಿನ್ನುವುದಿಲ್ಲ. 15ರಿಂದ 20 ವ್ಯಾಟ್ ಎಳೆಯುತ್ತದೆ, ಅಂದರೆ ತಿಂಗಳಿಗೆ 11ರಿಂದ 15 ಯೂನಿಟ್. ಇನ್ವರ್ಟರಿಗೆ ಭಾರವೇ ಅಲ್ಲ. ಮಳೆಗಾಲದಲ್ಲಿ ಇದೊಂದೇ ಗುಣ ಸಾಕು, ನಾನು ಹೆಚ್ಚಿನವರಿಗೆ ಇದನ್ನೇ ಹೇಳುತ್ತೇನೆ. ಡಿಸ್ಕ್ ಸೇರಿ ಸುಮಾರು 45ರಿಂದ 60 ಸಾವಿರದೊಳಗೆ ಒಳ್ಳೆಯದು ಸಿಗುತ್ತದೆ, ಡಿಸ್ಕ್ ಬೆಲೆ ಏರಿಳಿಯುವುದರಿಂದ ಇದು ಅಂದಾಜು ಅಷ್ಟೇ.

ಎರಡು ಡಿಸ್ಕನ್ನು ರೇಡ್ 1ರಲ್ಲಿ ಹಾಕಿದರೆ ಎರಡರಲ್ಲೂ ಒಂದೇ ಡೇಟಾ ಇರುತ್ತದೆ. ಒಂದು ಸತ್ತರೆ ಡಬ್ಬ ಬೀಪ್ ಬೀಪ್ ಎಂದು ಕೂಗುತ್ತದೆ, ಕೆಲಸ ಇನ್ನೊಂದರಲ್ಲಿ ನಡೆಯುತ್ತಲೇ ಇರುತ್ತದೆ. ಡಿಸ್ಕ್ ತರುವಾಗ ಡಬ್ಲ್ಯುಡಿ ರೆಡ್ ಪ್ಲಸ್, ಸೀಗೇಟ್ ಐರನ್‌ವುಲ್ಫ್ ತರಹ ನ್ಯಾಸ್‌ಗೆಂದೇ ಮಾಡಿದ್ದು ತನ್ನಿ. 2020ರಲ್ಲಿ ಡಬ್ಲ್ಯುಡಿ ತನ್ನ ಕೆಲವು ರೆಡ್ ಡಿಸ್ಕ್‌ಗಳಲ್ಲಿ ಎಸ್‌ಎಂಆರ್ ಎಂಬ ನಿಧಾನದ ತಂತ್ರ ಬಳಸಿದ್ದು ಗೊತ್ತಾಗಿ ದೊಡ್ಡ ಗಲಾಟೆ ಆಯಿತು. ಅದರ ಬದಲು ಸಿಎಂಆರ್ ಎಂದು ಬರೆದಿದೆಯಾ ನೋಡಿ. ಸ್ನ್ಯಾಪ್‌ಶಾಟ್ ಸೌಲಭ್ಯ ಇರುವ ಮಾದರಿಯೇ ಬೇಕು. ಯಾರೋ ಫೋಲ್ಡರ್ ಅಳಿಸಿದರೆ, ವೈರಸ್ ಬಂದು ಫೈಲ್ ಲಾಕ್ ಮಾಡಿದರೆ, ನಿನ್ನೆಯ ಸ್ಥಿತಿಗೆ ವಾಪಸ್ ಹೋಗಲು ಅದೇ ದಾರಿ.

ಕೊರತೆಗಳೂ ಇವೆ. ನ್ಯಾಸ್ ಫೈಲ್ ಇಡುತ್ತದೆ, ಆದರೆ ವಿಂಡೋಸ್ ಪ್ರೋಗ್ರಾಂ ಓಡಿಸುವುದಿಲ್ಲ. ಟ್ಯಾಲಿ ಡೇಟಾ ಫೋಲ್ಡರನ್ನು ಅದರಲ್ಲಿ ಇಡಬಹುದು, ಆದರೆ ಲೈಸೆನ್ಸ್ ಹಂಚುವ ಗೇಟ್‌ವೇ ಸರ್ವರ್ ಒಂದು ವಿಂಡೋಸ್ ಯಂತ್ರದಲ್ಲಿ ಓಡಲೇಬೇಕು. ಅಂದಹಾಗೆ, ಹಲವು ಕಂಪ್ಯೂಟರಿನಲ್ಲಿ ಒಟ್ಟಿಗೆ ಟ್ಯಾಲಿ ಬೇಕೆಂದರೆ ಸಿಲ್ವರ್ ಸಾಲದು, ಗೋಲ್ಡ್ ಲೈಸೆನ್ಸ್ ಬೇಕು. ಈ ಖರ್ಚು ಕೆಲವೊಮ್ಮೆ ಯಂತ್ರದ ಬೆಲೆಗಿಂತ ಜಾಸ್ತಿಯಾಗುತ್ತದೆ, ಮೊದಲೇ ಲೆಕ್ಕಕ್ಕೆ ಹಿಡಿಯಿರಿ. ಇನ್ನೊಂದು, ಡಬ್ಬವೇ ಸುಟ್ಟರೆ ಡಿಸ್ಕ್ ತೆಗೆದು ವಿಂಡೋಸ್ ಪಿಸಿಗೆ ಹಾಕಿದ ಕೂಡಲೇ ಓದಲು ಬರುವುದಿಲ್ಲ. ಅದೇ ಕಂಪನಿಯ ಡಬ್ಬ ಬೇಕು, ಇಲ್ಲವೇ ಲಿನಕ್ಸ್ ಗೊತ್ತಿರುವವರು ಬೇಕು.

ಮತ್ತೆ, ರೂಟರಿನಲ್ಲಿ ಪೋರ್ಟ್ ತೆರೆದು ನ್ಯಾಸನ್ನು ನೇರ ಇಂಟರ್‌ನೆಟ್‌ಗೆ ಒಡ್ಡಬೇಡಿ. 2022ರಲ್ಲಿ ಡೆಡ್‌ಬೋಲ್ಟ್ ಎಂಬ, ಫೈಲ್ ಲಾಕ್ ಮಾಡಿ ದುಡ್ಡು ಕೇಳುವ ರಾನ್ಸಮ್‌ವೇರ್ ಕ್ಯೂನ್ಯಾಪ್, ಏಸಸ್ಟರ್ ಡಬ್ಬಗಳನ್ನು ಹುಡುಕಿ ಹುಡುಕಿ ಲಾಕ್ ಮಾಡಿದ್ದು ಹೀಗೆ ತೆರೆದಿಟ್ಟವರದ್ದನ್ನೇ. ಮನೆಯಿಂದ ನೋಡಬೇಕೆಂದರೆ ವಿಪಿಎನ್ (ಇಂಟರ್‌ನೆಟ್ ಮೂಲಕವೇ ಆಫೀಸಿಗೆ ಬರುವ ಬೀಗ ಹಾಕಿದ ಖಾಸಗಿ ದಾರಿ) ಬಳಸಿ. ಟೇಲ್‌ಸ್ಕೇಲ್, ವೈರ್‌ಗಾರ್ಡ್ ಎರಡೂ ಚೆನ್ನಾಗಿವೆ. ನಿಮ್ಮ ನೆಟ್ ಲೈನಿಗೆ ಸ್ವಂತ ಪಬ್ಲಿಕ್ ಐಪಿ (ಹೊರಗಿನಿಂದ ನೇರ ತಲುಪುವ ವಿಳಾಸ) ಇಲ್ಲದಿದ್ದರೆ ಟೇಲ್‌ಸ್ಕೇಲ್ ಸುಲಭ.

ನಿಜವಾದ ಟವರ್ ಸರ್ವರ್

ಡೆಲ್ ಪವರ್‌ಎಡ್ಜ್ ಟಿ ಸರಣಿ, ಎಚ್‌ಪಿಇ ಪ್ರೊಲಯಂಟ್ ಎಂಎಲ್30, ಅದರದೇ ಮೈಕ್ರೋಸರ್ವರ್, ಇಂಥವು. ಡಿಸ್ಕ್, ರ‍್ಯಾಮ್ ಸೇರಿ ಲಕ್ಷದ ಆಚೀಚೆ ಶುರುವಾಗುತ್ತದೆ, ಲೈಸೆನ್ಸ್ ಬೇರೆ. ಪಿಸಿಗೂ ಇದಕ್ಕೂ ವ್ಯತ್ಯಾಸ ಏನು ಎಂದು ಕೇಳುತ್ತಾರೆ. ಮೆಮೊರಿಯ ಸಣ್ಣ ತಪ್ಪನ್ನು ತಾನೇ ತಿದ್ದಿಕೊಳ್ಳುವ ಇಸಿಸಿ ರ‍್ಯಾಮ್ ಇರುತ್ತದೆ. ಹಗಲಿರುಳು ಓಡಲೆಂದೇ ಮಾಡಿದ ಫ್ಯಾನ್, ಪವರ್ ಸಪ್ಲೈ. ನನಗೆ ಹೆಚ್ಚು ಬೆಲೆಬಾಳುವುದು ಅನ್ನಿಸುವುದು ಡೆಲ್‌ನಲ್ಲಿ ಐಡ್ರಾಕ್, ಎಚ್‌ಪಿಇಯಲ್ಲಿ ಐಎಲ್‌ಒ ಎನ್ನುವ ಸೌಲಭ್ಯ. ವಿಂಡೋಸ್ ಎದ್ದೇಳದಿದ್ದರೂ ಮೈಸೂರಲ್ಲಿ ಕೂತ ಇಂಜಿನಿಯರ್ ವಿಪಿಎನ್ ಮೂಲಕ ಒಳಬಂದು ಯಂತ್ರದ ಆರೋಗ್ಯ ನೋಡಬಹುದು, ಆಫ್ ಆನ್ ಮಾಡಬಹುದು. ಸ್ಕ್ರೀನನ್ನೇ ಪೂರ್ತಿ ನೋಡಲು ಕೆಲವು ಮಾದರಿಗಳಲ್ಲಿ ಬೇರೆ ಲೈಸೆನ್ಸ್ ಬೇಕು, ಕೊಳ್ಳುವಾಗಲೇ ಕೇಳಿ. ಬರೆ ಕುಸಿದ ವಾರದಲ್ಲಿ ಇದರ ಬೆಲೆ ಗೊತ್ತಾಗುತ್ತದೆ.

ವಿಂಡೋಸ್ ಸರ್ವರ್ ಎಸೆನ್ಷಿಯಲ್ಸ್ ಆವೃತ್ತಿ 25 ಬಳಕೆದಾರರಿಗೆ, 50 ಯಂತ್ರಗಳಿಗೆ ಸಾಕಾಗುತ್ತದೆ, ಒಬ್ಬೊಬ್ಬರಿಗೆ ಬೇರೆ ಲೈಸೆನ್ಸ್ ಬೇಡ. ಸ್ಟ್ಯಾಂಡರ್ಡ್ ಆವೃತ್ತಿಗೆ ಒಬ್ಬೊಬ್ಬರಿಗೂ ಸಿಎಎಲ್ ಎಂಬ ಲೈಸೆನ್ಸ್ ಕೊಳ್ಳಬೇಕು. ಕೊಟೇಷನ್‌ನಲ್ಲಿ ಯಾವುದು ಬರೆದಿದ್ದಾರೆ ನೋಡಿ, ಎಷ್ಟೋ ಸಲ ಸಿಎಎಲ್ ಸಾಲೇ ಇರುವುದಿಲ್ಲ.

ವಾರಂಟಿ ಬಗ್ಗೆ ಒಂದು ಮಾತು. "ಮಾರನೇ ಕೆಲಸದ ದಿನ ಮನೆಬಾಗಿಲಿಗೆ" ಎಂದು ಬರೆದಿರುತ್ತದೆ. ಮಡಿಕೇರಿ ಪಿನ್‌ಕೋಡ್ 571201ಕ್ಕೆ, ಅಥವಾ ನಿಮ್ಮ ಊರಿನ ಪಿನ್‌ಕೋಡಿಗೆ ಅದು ಅನ್ವಯಿಸುತ್ತದಾ ಎಂದು ಬರಹದಲ್ಲಿ ಕೇಳಿ. ಬಾಯಿಮಾತು ಸಾಲದು.

ಐದು ಜನರ ಆಫೀಸಿಗೆ ಇದು ಹೆಚ್ಚಾಯಿತು ಅಂತಲೇ ನನ್ನ ಅನಿಸಿಕೆ. ಹತ್ತು ಹದಿನೈದು ಜನ ಒಟ್ಟಿಗೆ ಟ್ಯಾಲಿಯೋ ಇನ್ನೊಂದು ವಿಂಡೋಸ್ ಡೇಟಾಬೇಸ್ ಪ್ರೋಗ್ರಾಮೋ ಬಳಸುವ ಕ್ಯೂರಿಂಗ್ ವರ್ಕ್ಸ್, ಸಹಕಾರ ಸಂಘ, ನರ್ಸಿಂಗ್ ಹೋಂ, ಇಂಥವರು ಕೊಟ್ಟ ದುಡ್ಡಿಗೆ ಕೆಲಸ ತೆಗೆಯಬಲ್ಲರು.

ಬಾಡಿಗೆ ಸರ್ವರ್

ಯಂತ್ರ ಡೇಟಾ ಸೆಂಟರಿನಲ್ಲಿ ಇರುತ್ತದೆ, ನೀವು ತಿಂಗಳ ಬಾಡಿಗೆ ಕೊಡುತ್ತೀರಿ. ಒಂದು ಇಡೀ ಯಂತ್ರವೇ ನಿಮ್ಮದಾಗಿದ್ದರೆ ತಿಂಗಳಿಗೆ ಹಲವು ಸಾವಿರ ಆಗುತ್ತದೆ. ಸಣ್ಣ ಆಫೀಸಿಗೆ ಅಷ್ಟು ಬೇಕಾಗುವುದೇ ಅಪರೂಪ. ಒಂದು ಯಂತ್ರದ ಪಾಲು, ಅಂದರೆ ವಿಪಿಎಸ್, ಸಾಕು. ಡಿಜಿಟಲ್‌ಓಷನ್‌ಗೆ ಬೆಂಗಳೂರಲ್ಲೇ ಡೇಟಾ ಸೆಂಟರ್ ಇದೆ. ಅಮೆಜಾನಿನದು ಮುಂಬೈ, ಹೈದರಾಬಾದಿನಲ್ಲಿವೆ. ಟ್ಯಾಲಿಯನ್ನೂ ಅಮೆಜಾನಿನ ಎಡಬ್ಲ್ಯೂಎಸ್ ಮೇಲೆ ಬಾಡಿಗೆಗೆ ಪಡೆಯಬಹುದು.

ಇದರ ಒಂದು ಗುಣ ಜನಕ್ಕೆ ಹೊಳೆಯುವುದಿಲ್ಲ. ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಕೆಲಸ ಮಾಡುವಾಗ ಪರದೆಯ ಚಿತ್ರ ಮಾತ್ರ ಬಂದು ಹೋಗುತ್ತದೆ, ಹಾಗಾಗಿ ಫೋನಿನ ಹಾಟ್‌ಸ್ಪಾಟ್‌ನಲ್ಲೂ ಟ್ಯಾಲಿ ನಡೆಯುತ್ತದೆ. ಮಧ್ಯೆ ಲೈನ್ ಕಟ್ ಆದರೂ ಡೇಟಾ ಕೆಡುವುದಿಲ್ಲ, ವಾಪಸ್ ಬಂದಾಗ ಬಿಟ್ಟ ಜಾಗದಲ್ಲೇ ಇರುತ್ತದೆ. ಆದರೆ ಟವರಿನ ಸಿಗ್ನಲ್ಲೂ ಹೋಯಿತೋ, ಕೈಕಟ್ಟಿ ಕೂರಬೇಕು. ಪ್ರಿಂಟರ್ ಜೋಡಿಸುವುದು ಕಿರಿಕಿರಿ. ರಿಮೋಟ್ ಡೆಸ್ಕ್‌ಟಾಪ್‌ನ 3389 ಪೋರ್ಟನ್ನು ಹಾಗೇ ತೆರೆದಿಟ್ಟರೆ ಪಾಸ್‌ವರ್ಡ್ ಊಹಿಸುವ ಪ್ರಯತ್ನಗಳು ಅದೇ ದಿನ ಶುರುವಾಗುತ್ತವೆ, ಇಲ್ಲೂ ವಿಪಿಎನ್ ಬೇಕು. ಬ್ಯಾಕಪ್ ಕೂಡ ನಿಮ್ಮದೇ ಜವಾಬ್ದಾರಿ, ಕಂಪನಿ ತಾನಾಗಿ ಮಾಡುತ್ತದೆ ಅಂದುಕೊಳ್ಳಬೇಡಿ.

ಸರ್ವರೇ ಬೇಡ, ಕ್ಲೌಡ್ ಸೇವೆ ಸಾಕು ಅನ್ನುವವರು

ಗೂಗಲ್ ವರ್ಕ್‌ಸ್ಪೇಸ್, ಮೈಕ್ರೋಸಾಫ್ಟ್ 365. ಕೆಳಗಿನ ಪ್ಲಾನ್‌ಗಳು ಒಬ್ಬರಿಗೆ ತಿಂಗಳಿಗೆ ನೂರಿನ್ನೂರು ರೂಪಾಯಿಯ ಮಟ್ಟದಲ್ಲಿ ಶುರು. ವರ್ಕ್‌ಸ್ಪೇಸ್‌ನ ಸ್ಟಾರ್ಟರ್‌ನಲ್ಲಿ ಒಬ್ಬರಿಗೆ 30 ಜಿಬಿ, ಮೈಕ್ರೋಸಾಫ್ಟ್‌ನ ಬಿಸಿನೆಸ್ ಬೇಸಿಕ್‌ನಲ್ಲಿ ಒಬ್ಬರಿಗೆ 1 ಟಿಬಿ ಒನ್‌ಡ್ರೈವ್. ಬರೀ ವರ್ಡ್, ಎಕ್ಸೆಲ್, ಪಿಡಿಎಫ್, ಮೇಲ್ ಇರುವವರಿಗೆ ಇದಕ್ಕಿಂತ ನೆಮ್ಮದಿ ಇಲ್ಲ. ಬೇಕಾದ ಫೋಲ್ಡರ್‌ಗಳನ್ನು ಲ್ಯಾಪ್‌ಟಾಪಿನಲ್ಲೂ ಇಟ್ಟುಕೊಂಡರೆ ನೆಟ್ ಹೋದಾಗಲೂ ಕೆಲಸ ನಡೆಯುತ್ತದೆ, ಬಂದಾಗ ಸೇರಿಕೊಳ್ಳುತ್ತದೆ.

ಒಂದು ಕೆಲಸ ಮಾತ್ರ ಮಾಡಲೇಬೇಡಿ. ಟ್ಯಾಲಿಯ ಚಾಲ್ತಿ ಡೇಟಾ ಫೋಲ್ಡರನ್ನು ಗೂಗಲ್ ಡ್ರೈವ್ ಅಥವಾ ಒನ್‌ಡ್ರೈವ್ ಫೋಲ್ಡರಿನೊಳಗೆ ಇಟ್ಟು ಇಬ್ಬರು ಎರಡು ಕಡೆಯಿಂದ ತೆರೆಯುವುದು. ಅದು ಹತ್ತಾರು ಸಣ್ಣ ಫೈಲ್‌ಗಳು ಒಟ್ಟಿಗೆ ಸೇರಿದ ಡೇಟಾಬೇಸ್. ಅರ್ಧ ಫೈಲ್ ಇವರದು, ಅರ್ಧ ಅವರದು ಸೇರಿಕೊಂಡರೆ ಕಂಪನಿಯೇ ತೆರೆಯುವುದಿಲ್ಲ. ಟ್ಯಾಲಿಯಿಂದ ತೆಗೆದ ಬ್ಯಾಕಪ್ ಫೈಲನ್ನು ಅಲ್ಲಿ ಇಡಿ, ಓಡುತ್ತಿರುವ ಡೇಟಾವನ್ನಲ್ಲ. ಮಧ್ಯೆ ಸಂಪರ್ಕ ತಪ್ಪಿ ಫೈಲ್ ಅರ್ಧಕ್ಕೇ ನಿಲ್ಲಬಾರದೆಂದು ಆಫೀಸಿನೊಳಗೂ ಟ್ಯಾಲಿಗೆ ವೈಫೈ ಬೇಡ, ತಂತಿ ಎಳೆಸಿ. ಸ್ವಿಚ್‌ಗೂ ಯುಪಿಎಸ್ ಕೊಡಿ.

ಹಾಗಾದರೆ ಯಾರಿಗೆ ಯಾವುದು

ತೋಟದ ಆಫೀಸು, ಮೂರು ನಾಲ್ಕು ಕಂಪ್ಯೂಟರ್, ಬಜೆಟ್ ಬಿಗಿ: ಒಂದು ಒಳ್ಳೆ ಪಿಸಿಯನ್ನು ಟ್ಯಾಲಿಗೆಂದೇ ಪಕ್ಕಕ್ಕಿಡಿ, ಹೊಸ ಎಸ್‌ಎಸ್‌ಡಿ ಹಾಕಿ, ಯುಎಸ್‌ಬಿ ಇರುವ ಯುಪಿಎಸ್ ಕೊಡಿ. ಸ್ವಲ್ಪ ಕೈ ಬಿಚ್ಚುವುದಾದರೆ ಪಕ್ಕದಲ್ಲಿ ಒಂದು ಎರಡು ಡಿಸ್ಕಿನ ನ್ಯಾಸ್ ಇರಲಿ, ಪಿಸಿಯ ಡೇಟಾ ಪ್ರತಿ ರಾತ್ರಿ ಅದಕ್ಕೆ ನಕಲಾಗಲಿ. ಯಜಮಾನರು ಬೆಂಗಳೂರಿಂದ ವಿಪಿಎನ್‌ನಲ್ಲಿ ನೋಡಲಿ.

ಜಿಎಸ್‌ಟಿ, ಆಡಿಟ್ ಆಫೀಸಿನವರಿಗೆ ನ್ಯಾಸ್ ಹೇಳಿ ಮಾಡಿಸಿದ್ದು. ಗಿರಾಕಿಗೊಂದು ಫೋಲ್ಡರ್, ಸಿಬ್ಬಂದಿಗೆ ಬೇಕಾದಷ್ಟೇ ಅನುಮತಿ. ಜಿಎಸ್‌ಟಿ ದಾಖಲೆಗಳನ್ನು ವಾರ್ಷಿಕ ರಿಟರ್ನಿನ ಕೊನೆ ದಿನಾಂಕದಿಂದ 72 ತಿಂಗಳು ಇಡಬೇಕಲ್ಲ, ಆದ್ದರಿಂದ ಆರೇಳು ವರ್ಷದ ಜಾಗ ಲೆಕ್ಕ ಹಾಕಿ. ನಿಮ್ಮ ಗಿರಾಕಿಗಳಲ್ಲಿ ಪ್ರೈವೇಟ್ ಲಿಮಿಟೆಡ್ ಕಂಪನಿ ಇದ್ದರೆ ಇನ್ನೊಂದು ಗಮನಿಸಿ: 2022ರ ಆಗಸ್ಟ್‌ನ ಕಂಪನಿ ಲೆಕ್ಕಪತ್ರ ನಿಯಮಗಳ ತಿದ್ದುಪಡಿಯಂತೆ ಎಲೆಕ್ಟ್ರಾನಿಕ್ ಲೆಕ್ಕಪುಸ್ತಕದ ಬ್ಯಾಕಪ್ ಪ್ರತಿದಿನವೂ ಭಾರತದೊಳಗೇ ಇರುವ ಸರ್ವರಿನಲ್ಲಿ ಇರಬೇಕು. ವಿದೇಶದ ಅಗ್ಗದ ವಿಪಿಎಸ್ ಒಂದನ್ನೇ ನಂಬಿದರೆ ಇಲ್ಲಿ ಸಿಕ್ಕಿಬೀಳುತ್ತೀರಿ.

ಹೋಂಸ್ಟೇಯವರು ಸರ್ವರ್ ಕೊಳ್ಳಬೇಡಿ. ವರ್ಕ್‌ಸ್ಪೇಸ್ ಅಥವಾ 365, ಜೊತೆಗೆ ಆನ್‌ಲೈನ್ ಬುಕಿಂಗ್ ಸಾಫ್ಟ್‌ವೇರ್, ಸಾಕು. ಆ ದುಡ್ಡಲ್ಲಿ ಬೇರೆ ಕಂಪನಿಯ ಎರಡನೇ ನೆಟ್ ಲೈನ್ ಹಾಕಿಸಿ. ಅತಿಥಿಗಳ ಆಧಾರ್ ಪ್ರತಿಗಳು ರಿಸೆಪ್ಷನ್ ಹುಡುಗನ ವಾಟ್ಸಾಪ್‌ನಲ್ಲಿ ಉಳಿಯದಂತೆ ನೋಡಿಕೊಳ್ಳಿ, ಅದು ಸರ್ವರಿಗಿಂತ ಮುಖ್ಯ.

ಸ್ಟುಡಿಯೋದವರಿಗೆ ಕ್ಲೌಡ್ ದುಬಾರಿ, ನಿಧಾನ ಎರಡೂ. ನಾಲ್ಕು ಡಿಸ್ಕಿನ ನ್ಯಾಸ್ ಬೇಕು. ರೇಡ್ 5ರಲ್ಲಿ 8 ಟಿಬಿಯ ನಾಲ್ಕು ಡಿಸ್ಕ್ ಹಾಕಿದರೆ 24 ಟಿಬಿ ಬಳಕೆಗೆ ಸಿಗುತ್ತದೆ, ಒಂದು ಡಿಸ್ಕ್ ಸತ್ತರೂ ತಡೆಯುತ್ತದೆ. ಎಡಿಟಿಂಗ್ ಮಾತ್ರ ಪಿಸಿಯ ಎಸ್‌ಎಸ್‌ಡಿಯಲ್ಲೇ ಆಗಲಿ. ಆಲ್ಬಮ್ ಕೊಟ್ಟು ದುಡ್ಡು ಬಂದ ಮೇಲೆ ಕಚ್ಚಾ ವಿಡಿಯೋ ಎಷ್ಟು ತಿಂಗಳು ಇಡುತ್ತೀರಿ ಎಂದು ಬಿಲ್ಲಿನಲ್ಲೇ ಬರೆದುಬಿಡಿ, ಅರ್ಧ ಡಿಸ್ಕ್ ಉಳಿಯುತ್ತದೆ.

ಬ್ಯಾಕಪ್ ಮತ್ತು ಸಮಯ

ರೇಡ್ ಇದೆ, ಬ್ಯಾಕಪ್ ಯಾಕೆ ಎಂದು ಕೇಳಬೇಡಿ. ಸಿಡಿಲು ಎರಡೂ ಡಿಸ್ಕನ್ನು ಒಟ್ಟಿಗೆ ಸುಡುತ್ತದೆ, ತಪ್ಪಿ ಅಳಿಸಿದ ಫೈಲ್ ಎರಡರಿಂದಲೂ ಅಳಿಸಿಹೋಗುತ್ತದೆ. ಒಟ್ಟು ಮೂರು ಪ್ರತಿ ಇರಲಿ. ಒಂದು ಓಡುವ ಯಂತ್ರದಲ್ಲಿ. ಇನ್ನೊಂದು ಹೊರಗಿನ ಯುಎಸ್‌ಬಿ ಡಿಸ್ಕ್‌ನಲ್ಲಿ, ಬ್ಯಾಕಪ್ ಆದ ಕೂಡಲೇ ಕಿತ್ತಿಡುವುದು. ಜೋಡಿಸಿಯೇ ಬಿಟ್ಟರೆ ರಾನ್ಸಮ್‌ವೇರ್ ಅದನ್ನೂ ಬಿಡುವುದಿಲ್ಲ. ಮೂರನೆಯದು ಜಿಲ್ಲೆಯ ಹೊರಗೆ. ಯಜಮಾನರ ಮನೆ ಅದೇ ಗುಡ್ಡದ ಮೇಲಿದ್ದರೆ ಅಲ್ಲಿಟ್ಟ ಪ್ರತಿಯನ್ನು ಮೂರನೆಯದೆಂದು ಲೆಕ್ಕ ಹಿಡಿಯಬೇಡಿ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಕುಸಿದು ಏನಾಯಿತು ಎಂದು ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಟ್ಯಾಲಿ ಬ್ಯಾಕಪ್ ಸಣ್ಣದು, ನಿಧಾನದ ಲೈನಿನಲ್ಲೂ ರಾತ್ರಿ ಕ್ಲೌಡ್‌ಗೆ ಏರುತ್ತದೆ. ಮೂರು ತಿಂಗಳಿಗೊಮ್ಮೆ ಆ ಬ್ಯಾಕಪ್ಪನ್ನು ಬೇರೆ ಲ್ಯಾಪ್‌ಟಾಪಿನಲ್ಲಿ ತೆರೆದು, ಕಳೆದ ವಾರದ ಒಂದು ವೋಚರ್ ಕಾಣುತ್ತದಾ ನೋಡಿ.

ಯಾವುದೇ ಆರಿಸಿದರೂ ಕಾಫಿ ಕೊಯ್ಲಿನ ಮಧ್ಯೆ ಬದಲಾಯಿಸಲು ಹೋಗಬೇಡಿ. ನವೆಂಬರಿನಿಂದ ಅರೇಬಿಕಾ, ಆಮೇಲೆ ರೊಬಸ್ಟಾ, ಫೆಬ್ರವರಿ ದಾಟುವವರೆಗೆ ಯಾರಿಗೂ ಪುರುಸೊತ್ತಿಲ್ಲ. ಅರ್ಥಿಂಗ್ ಮತ್ತು ಫೈಬರ್ ಕೆಲಸ ಮೊದಲ ಗುಡುಗಿಗಿಂತ ಮುಂಚೆ ಮುಗಿಸಿ. ಮಾರ್ಚ್ 31ರ ಲೆಕ್ಕ ಮುಚ್ಚಿದ ಮೇಲೆ, ಏಪ್ರಿಲ್ ಮೊದಲ ವಾರದಲ್ಲಿ ಹೊಸ ಯಂತ್ರಕ್ಕೆ ಟ್ಯಾಲಿ ಸಾಗಿಸಿ. ಜೂನ್ ಬರುವಷ್ಟರಲ್ಲಿ ಅದರ ಕುಂದುಕೊರತೆ ಗೊತ್ತಾಗಿರುತ್ತದೆ. ಹಳೆ ಕಂಪ್ಯೂಟರನ್ನು ಅಲ್ಲಿಯವರೆಗೆ ಫಾರ್ಮ್ಯಾಟ್ ಮಾಡದೆ ಹಾಗೇ ಇಟ್ಟಿರಿ.